ಕರಿನೆಲ, ಬಿಳಿಬಳ್ಳಿ ಮತ್ತು ಮೇಣ

ಹೈದರಾಬಾದಿನಲ್ಲಿ ಮೇಣದ ಚಿತ್ರ ಮಾಡುತ್ತೇನೆ ಎಂದು ಯಾರಿಗೆ ಹೇಳಿದರೂ ಮೊದಲು ಬರುವ ಪ್ರಶ್ನೆ ಒಂದೇ: ಬೇಸಿಗೆಯಲ್ಲಿ ಕರಗಿಹೋಗುವುದಿಲ್ಲವೆ? ಪ್ರಶ್ನೆ ಸರಿಯಾದದ್ದೇ. ಏಪ್ರಿಲ್ ನಡುವಿಗೆ ಇಲ್ಲಿನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಮೇ ತಿಂಗಳಲ್ಲಿ 42–43ಕ್ಕೂ ಏರುತ್ತದೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ. ಲೆಕ್ಕ ನೋಡಿದರೆ ಮನೆಯೊಳಗಿನ ಗೋಡೆಯ ಮೇಲೆ ತೂಗುವ ಚಿತ್ರಕ್ಕೆ ಭಯವಿಲ್ಲ. ಆದರೆ ಮೇಣ ಕರಗುವುದಕ್ಕೆ ಬಹಳ ಮೊದಲೇ ಮೆತ್ತಗಾಗುತ್ತದೆ. 35 ಡಿಗ್ರಿ ದಾಟಿತೆಂದರೆ ಬೆರಳಿನ ಗುರುತು ಹಿಡಿಯುತ್ತದೆ, ಧೂಳು ಅಂಟಿಸಿಕೊಳ್ಳುತ್ತದೆ. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಶಾಖ 60 ದಾಟುವುದೂ ಉಂಟು. ಖಾಜಾಗುಡದ ಬಂಡೆಗಳನ್ನು ಕಪ್ಪು-ಬಿಳುಪಿನಲ್ಲಿ ಕಟ್ಟಿದ ನನ್ನದೊಂದು ಹಲಗೆ ಹಾಗೆ ಒಂದು ಮಧ್ಯಾಹ್ನ ಹಿಂದಿನ ಸೀಟಿನಲ್ಲಿ ಉಳಿದುಬಿಟ್ಟಿತು. ಸಂಜೆ ತೆಗೆದು ನೋಡಿದಾಗ ಬಂಡೆಯ ಅಂಚು ಆಕಾಶದೊಳಕ್ಕೆ ಹರಿದಿತ್ತು. ಅವತ್ತಿನಿಂದ ನನ್ನ ಮನಸ್ಸಿನಲ್ಲಿ ಈ ಪ್ರಶ್ನೆ ದೊಡ್ಡದಾಯಿತು. ಈ ಕಲೆಗೆ ನಮ್ಮ ನೆಲದಲ್ಲಿ ಜಾಗ ಇದೆಯೆ, ಇದ್ದರೆ ಯಾವ ರೂಪದಲ್ಲಿ?

ಕಲೆಯ ಹೆಸರು ಎನ್ಕಾಸ್ಟಿಕ್. ಗ್ರೀಕ್ ಮೂಲದ ಮಾತು, ‘ಸುಟ್ಟು ಒಳಗಿಳಿಸುವುದು’ ಎಂದು ಅರ್ಥ. ಜೇನುಮೇಣ ಸುಮಾರು ಎಂಟು ಪಾಲು, ಡಮಾರ್ ಎಂಬ ಮರದ ರಾಳ ಒಂದು ಪಾಲು, ಇವನ್ನು ಒಟ್ಟಿಗೆ ಕರಗಿಸಿ ಸೋಸಿ, ಬಣ್ಣದ ಪುಡಿ ಕಲಸಿ, ಬಿಸಿ ಆರುವ ಮೊದಲೇ ಕುಂಚದಿಂದ ಮರದ ಹಲಗೆಗೆ ಬಳಿಯುತ್ತಾರೆ. ಬಳಿದದ್ದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಗಟ್ಟಿಯಾಗುತ್ತದೆ. ಅದರ ಮೇಲೆ ಇನ್ನೊಂದು ಪದರ ಬಳಿದರೆ, ಅದನ್ನು ಕೆಳಗಿನದಕ್ಕೆ ಬೆಸೆಯಲು ಮತ್ತೆ ಶಾಖ ಕೊಡಬೇಕು. ಕೆಲವರು ಹೀಟ್ ಗನ್ ಹಿಡಿಯುತ್ತಾರೆ, ಕೆಲವರು ಗ್ಯಾಸ್ ಜ್ವಾಲೆ, ಇನ್ನು ಕೆಲವರು ಸಣ್ಣ ಇಸ್ತ್ರಿಪೆಟ್ಟಿಗೆ. ಬೆಸೆಯದೆ ಬಿಟ್ಟ ಪದರ ಮುಂದೊಂದು ದಿನ ಸಿಪ್ಪೆಯಂತೆ ಎದ್ದುಬರುತ್ತದೆ. ರಾಳ ಹಾಕುವುದು ಮೇಣಕ್ಕೆ ಬಿಗುವು ಬರಲೆಂದು, ಉಜ್ಜಿದಾಗ ಹೊಳಪು ಬರಲೆಂದು. ಅಡುಗೆಮನೆಯಲ್ಲಿ ಬೆಲ್ಲದ ಪಾಕ ಹಿಡಿದವರಿಗೆ ಈ ಕೆಲಸದ ಜೀವ ಎಲ್ಲಿದೆ ಎಂದು ಹೇಳಬೇಕಾಗಿಲ್ಲ. ಎಲ್ಲವೂ ಹದದಲ್ಲಿದೆ. ತಟ್ಟೆಯ ಶಾಖ 75ರಿಂದ 90 ಡಿಗ್ರಿಯೊಳಗೆ ಇರಬೇಕು. ಮೀರಿದರೆ ಮೇಣ ಹೊಗೆಯಾಡುತ್ತದೆ, ಆ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ಕೆಡುಕು.

ಇದರಲ್ಲಿ ಬಣ್ಣವನ್ನೆಲ್ಲ ಬಿಟ್ಟು ಕಪ್ಪು-ಬಿಳುಪಿನಲ್ಲೇ ನಿಸರ್ಗವನ್ನು ಹಿಡಿಯುವವರ ದಾರಿ ನನಗೆ ಬಹಳ ಹತ್ತಿರದ್ದು. ಮೇಣಕ್ಕೆ ತನ್ನದೇ ಆದ ಸಂಪತ್ತಿದೆ. ಪದರದ ಕೆಳಗಿನ ಪದರ ಮಂಜಿನೊಳಗಿನ ಮರದಂತೆ ಅರೆಬರೆ ಕಾಣುತ್ತದೆ. ಕೆರೆದರೆ ಗೆರೆ ನಿಲ್ಲುತ್ತದೆ, ಕಾಯಿಸಿದರೆ ಅಂಚು ಕರಗುತ್ತದೆ, ಉಜ್ಜಿದರೆ ಹೊಳೆಯುತ್ತದೆ. ಕೆಂಪು ನೀಲಿ ಹಸಿರು ಬಂದ ಕೂಡಲೆ ಕಣ್ಣು ಅವುಗಳ ಹಿಂದೆ ಹೋಗುತ್ತದೆ, ಮೇಣದ ಗುಣ ಹಿಂದೆ ಬೀಳುತ್ತದೆ. ಬಣ್ಣ ಸರಿದು ನಿಂತಾಗ ಮಾತ್ರ ದಪ್ಪ-ತೆಳು, ಪಾರಕ-ಅಪಾರಕ, ನುಣುಪು-ತರಿ ಎಲ್ಲವೂ ಮುನ್ನೆಲೆಗೆ ಬರುತ್ತವೆ.

ಚರಿತ್ರೆಯಿಂದ ಶುರುಮಾಡೋಣ, ಅದೂ ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನಿಂದಲೇ. ಅಲ್ಲಿನ ರಾಜ್ಯ ವಸ್ತುಸಂಗ್ರಹಾಲಯದಲ್ಲಿ ಈಜಿಪ್ಟಿನ ಒಂದು ಮಮ್ಮಿ ಇದೆ. ಆರನೇ ನಿಜಾಮರ ಅಳಿಯ ನಜೀರ್ ನವಾಜ್ ಜಂಗ್ ಕೊಂಡದ್ದು, ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಮೂಲಕ 1930ರಲ್ಲಿ ಮ್ಯೂಸಿಯಮ್ಮಿಗೆ ಸೇರಿತು. ಕ್ರಿಸ್ತಪೂರ್ವದ ಈ ಮಮ್ಮಿಯ ಕಾಲದಲ್ಲಿ ಈಜಿಪ್ಟಿನವರು ಸತ್ತವರ ಮುಖಕ್ಕೆ ಬಣ್ಣದ ಮುಖವಾಡ ತೊಡಿಸುತ್ತಿದ್ದರು. ಮುಂದೆ ರೋಮನರ ಆಳ್ವಿಕೆ ಬಂದ ಮೇಲೆ, ಕ್ರಿ.ಶ. 1ರಿಂದ 3ನೇ ಶತಮಾನದವರೆಗೆ, ಫಾಯುಮ್ ಪ್ರದೇಶದಲ್ಲಿ ಮುಖವಾಡದ ಜಾಗಕ್ಕೆ ಮರದ ತೆಳು ಹಲಗೆಯ ಮೇಲೆ ಬರೆದ ಮುಖಚಿತ್ರ ಬಂದಿತು. ಅವುಗಳಲ್ಲಿ ಹಲವು ಬಿಸಿ ಮೇಣದವು. 1888ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅಲ್ಲಿನ ಹವಾರದಲ್ಲಿ ಇವನ್ನು ಅಗೆದು ತೆಗೆದಾಗ ಕಣ್ಣಿನ ಕಪ್ಪು, ಗಡ್ಡದ ಕಪ್ಪು ನಿನ್ನೆ ಬರೆದಂತಿದ್ದವು. ಮರಳುಗಾಡಿನ ಶಾಖದಲ್ಲಿ 1,700 ವರ್ಷ ಉಳಿದ ಮೇಣ ಅದು. ‘ಕರಗುವುದಿಲ್ಲವೆ’ ಎನ್ನುವ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ನನಗೆ ಸಿಕ್ಕಿಲ್ಲ.

ಅದಕ್ಕೂ ಹಿಂದೆ ಹೋದರೆ ನಿಸರ್ಗವೇ ಸಿಗುತ್ತದೆ. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮಿನ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯಲ್ಲಿ ಮೇಣಚಿತ್ರಕಾರರ ವಿಷಯ ಹೇಳುವಾಗ ತನಗಿಂತ ಬಹಳ ಹಿಂದಿನವನಾದ ಸಿಕಿಯೋನಿನ ಪೌಸಿಯಾಸ್ ಎಂಬವನನ್ನು ಮೇಲಿನ ಸಾಲಿನಲ್ಲಿ ಇಡುತ್ತಾನೆ. ಪೌಸಿಯಾಸ್ ಮನಸೋತದ್ದು ಗ್ಲಿಸೆರಾ ಎಂಬ ಹೂಕಟ್ಟುವ ಹುಡುಗಿಗೆ. ಅವಳು ಹಾರ ಕಟ್ಟುತ್ತಿದ್ದಳು, ಅವನು ಅದನ್ನು ಚಿತ್ರಿಸುತ್ತಿದ್ದ. ಹೀಗೆ ಪೈಪೋಟಿಯಲ್ಲಿ ಹೂವಿನ ಚಿತ್ರದಲ್ಲಿ ಅವನ ಕೈ ಪಳಗಿತಂತೆ. ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಮಾಲೆ ಕಟ್ಟುವ ಬೆರಳುಗಳನ್ನು ನೋಡುವಾಗ ನನಗೆ ಈ ಕಥೆ ನೆನಪಾಗುತ್ತದೆ. ಇನ್ನೊಂದು ಸಂಗತಿಯನ್ನು ಪ್ಲಿನಿ ಅದೇ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಕಪ್ಪು ಬಣ್ಣಗಳ ಪಟ್ಟಿ ಕೊಡುತ್ತ, ಭಾರತದಿಂದಲೂ ಒಂದು ಕಪ್ಪು ಬರುತ್ತದೆ, ಅದನ್ನು ಹೇಗೆ ಮಾಡುತ್ತಾರೋ ತನಗೆ ಇನ್ನೂ ಗೊತ್ತಾಗಿಲ್ಲ ಎಂಬ ಮಾತು. ಮೇಣದ ವಿದ್ಯೆ ಅಲ್ಲಿಯದಾದರೂ ಕಪ್ಪು ಇಲ್ಲಿಂದ ಹೋಗುತ್ತಿತ್ತು.

ಆಮೇಲಿನ ಕಥೆಯನ್ನು ಬೇಗ ಮುಗಿಸಬಹುದು. ಸಿನಾಯ್ ಬೆಟ್ಟದ ಮಠದ 6ನೇ ಶತಮಾನದ ಕ್ರಿಸ್ತನ ಚಿತ್ರದವರೆಗೆ ಮೇಣ ಬಾಳಿತು, ಆಮೇಲೆ ಹಿಂದೆ ಸರಿಯಿತು. 20ನೇ ಶತಮಾನದಲ್ಲಿ ಅದನ್ನು ಮತ್ತೆ ಮುಂದಕ್ಕೆ ತಂದವರಲ್ಲಿ ಅಮೆರಿಕದ ಜಾಸ್ಪರ್ ಜಾನ್ಸ್ ದೊಡ್ಡ ಹೆಸರು. ಅವರ 1955ರ ‘ವೈಟ್ ಫ್ಲ್ಯಾಗ್’ ನಮ್ಮ ವಿಷಯಕ್ಕೆ ನೇರ ಸಂಬಂಧದ್ದು. ಬಾವುಟದ ಬಣ್ಣಗಳನ್ನೆಲ್ಲ ಕಳಚಿ, ಪತ್ರಿಕೆಯ ಚೂರುಗಳನ್ನು ಮೇಣದಲ್ಲಿ ಅದ್ದಿ ಅಂಟಿಸಿ, ಬಿಳಿಯ ಹತ್ತಾರು ಛಾಯೆಗಳಲ್ಲಿ ಕಟ್ಟಿದ ಕೃತಿ ಅದು. ಬಣ್ಣ ಕಳಚಿದಾಗ ಮೇಣ ಎಷ್ಟು ಮಾತಾಡುತ್ತದೆ ಎಂಬುದಕ್ಕೆ ಸಾಕ್ಷಿ.

ಇನ್ನು ನಮ್ಮ ಕಡೆಗೆ ಬರುತ್ತೇನೆ. ದಖ್ಖನ್ನಿಗೆ ಮೇಣ ಹೊಸದಲ್ಲ. ಉತ್ತರ ತೆಲಂಗಾಣದ ಆಸಿಫಾಬಾದ್ ಕಡೆಯ ಉಶೇಗಾಂವ್‌ನಲ್ಲಿ ಓಝಾ ಕುಶಲಕರ್ಮಿಗಳು ಢೋಕ್ರಾ ಮಾಡುತ್ತಾರೆ. ಜೇಡಿಮಣ್ಣಿನ ಗೊಂಬೆಯ ಮೇಲೆ ಮೇಣದ ಎಳೆಗಳನ್ನು ಶ್ಯಾವಿಗೆಯಂತೆ ಸುತ್ತಿ, ಅದರಲ್ಲೇ ನವಿಲು, ಆನೆ, ಬಳ್ಳಿ ಮೂಡಿಸಿ, ಮೇಲೆ ಮತ್ತೆ ಮಣ್ಣು ಮೆತ್ತಿ ಸುಡುತ್ತಾರೆ. ಮೇಣ ಕರಗಿ ಹೋಗುತ್ತದೆ, ಅದು ಬಿಟ್ಟುಹೋದ ಜಾಗಕ್ಕೆ ಲೋಹ ಇಳಿಯುತ್ತದೆ. ಗೋಲ್ಕೊಂಡದ ಕಾಲದ ಕಲಂಕಾರಿ ಬಟ್ಟೆಯಲ್ಲಿ ನೀಲಿ ತಾಗಬಾರದ ಜಾಗಕ್ಕೆಲ್ಲ ಬಿಸಿ ಮೇಣ ಹಚ್ಚಿ, ಬಟ್ಟೆಯನ್ನು ನೀಲಿಯಲ್ಲಿ ಅದ್ದಿ, ಆಮೇಲೆ ಕುದಿಸಿ ಮೇಣ ತೆಗೆಯುತ್ತಿದ್ದರು. ಬೀದರಿನ ಬಿದ್ರಿ ಕೆಲಸದಲ್ಲಿ ಕೆತ್ತುವಾಗ ಪಾತ್ರೆ ಅಲುಗಾಡದಿರಲೆಂದು ಅದನ್ನು ಮೇಣ ಮೆತ್ತಿದ ಕಲ್ಲಿಗೆ ಅಂಟಿಸುತ್ತಾರೆ. ಕೆಲಸ ಮುಗಿದ ಮೇಲೆ ಬಿಡಿಸುತ್ತಾರೆ. ಮೂರರಲ್ಲೂ ಮೇಣ ದುಡಿದು ಎದ್ದು ಹೋಗುವ ಕೂಲಿಯಾಳು. ಸಿದ್ಧವಾದ ವಸ್ತುವಿನಲ್ಲಿ ಅದರ ಸುಳಿವೂ ಇರುವುದಿಲ್ಲ.

ಮೇಣದ ಅಣ್ಣತಮ್ಮನಂಥ ಅರಗು ಮಾತ್ರ ಇಲ್ಲಿ ಉಳಿದುಕೊಂಡಿತು. ಚಾರ್ಮಿನಾರಿನ ಪಕ್ಕದ ಲಾಡ್ ಬಜಾರಿನಲ್ಲಿ ಕೆಂಡದ ಮೇಲೆ ಅರಗು ಮೆತ್ತಗೆ ಮಾಡಿ ಬಳೆಗೆ ಸುತ್ತಿ, ಬಿಸಿ ಇರುವಾಗಲೇ ಒಂದೊಂದೇ ಹರಳು ಒತ್ತುವುದನ್ನು ಇವತ್ತೂ ನಿಂತು ನೋಡಬಹುದು. ನಮ್ಮ ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಬೆಸೆದುಕೊಳ್ಳುತ್ತದೆ. ‘ಸುಟ್ಟು ಒಳಗಿಳಿಸುವುದು’ ಎಂಬ ಮಾತಿಗೆ ಚನ್ನಪಟ್ಟಣದ ಬೊಂಬೆಗಿಂತ ಒಳ್ಳೆಯ ವಿವರಣೆ ಬೇಕಿಲ್ಲ. ಇದನ್ನು ಇಷ್ಟು ಹೇಳಲು ಕಾರಣವಿದೆ. ಶಾಖ ಕೊಟ್ಟು ಬಣ್ಣ ಬೆಸೆಯುವ ಕೈ ನಮ್ಮಲ್ಲಿ ಇದೆ. ಮೇಣವನ್ನು ಎಳೆಯುವ, ಹಚ್ಚುವ, ಕೆರೆಯುವ ಕೈಯೂ ಇದೆ. ಎನ್ಕಾಸ್ಟಿಕ್ ಕೇಳುವುದು ಒಂದೇ ಹೊಸ ಹೆಜ್ಜೆ: ಕೆಲಸ ಮುಗಿದ ಮೇಲೂ ಮೇಣ ಮನೆಯಲ್ಲೇ ಉಳಿಯಲಿ.

ಕಪ್ಪು-ಬಿಳುಪಿನ ಮಾತು ಬಂದರೆ ಬೀದರಿನ ಬಳಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದ ಜಿಲ್ಲೆ, ಭಾಷೆಯ ಗಡಿ ಬಂದ ಮೇಲೂ ಕಸುಬಿನ ಗಡಿ ಅಲ್ಲಿ ಬೀಳಲಿಲ್ಲ. ಬಿದ್ರಿ ಮಾಡುವವರು ಎರಡೂ ಊರಿನಲ್ಲಿದ್ದಾರೆ. ಸತು ಹೆಚ್ಚು, ತಾಮ್ರ ಕಡಿಮೆ, ಹೆಚ್ಚುಕಡಿಮೆ ಹದಿನಾರಕ್ಕೆ ಒಂದರಂತೆ ಬೆರೆಸಿ ಪಾತ್ರೆ ಎರೆಯುತ್ತಾರೆ. ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಬಳ್ಳಿ, ಎಲೆ, ಗಸಗಸೆಯ ಹೂವನ್ನು ಉಳಿಯಿಂದ ಕೊರೆದು, ಕೊರೆದ ಗೆರೆಗೆ ಬೆಳ್ಳಿ ತಂತಿ ಹೊಡೆಯುತ್ತಾರೆ. ಕೊನೆಗೆ ಹಳೆಯ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಅದನ್ನು ಉಜ್ಜುತ್ತಾರೆ. ಅಷ್ಟರವರೆಗೆ ಬೂದು ಮೈಯಲ್ಲಿ ಬೆಳ್ಳಿ ಎಲ್ಲಿದೆ ಎಂದು ಹುಡುಕಬೇಕಾಗಿದ್ದ ಪಾತ್ರೆ, ಮಣ್ಣು ತೊಳೆದ ಕೂಡಲೆ ಕಾಡಿಗೆಗಪ್ಪಾಗಿ ನಿಲ್ಲುತ್ತದೆ. ಬೆಳ್ಳಿಗೆ ಮಣ್ಣು ಏನೂ ಮಾಡುವುದಿಲ್ಲ. ಬಳ್ಳಿ ಒಮ್ಮೆಲೆ ಹೊರಬಂದು ಹೊಳೆಯುತ್ತದೆ. ಆಮೇಲೆ ಎಣ್ಣೆ ಸವರಿ ಕಪ್ಪನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತಾರೆ. ಈ ವಿದ್ಯೆಗೆ ಬಾಳು ಕೊಟ್ಟ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಇಡೀ ಕಲ್ಯಾಣ ಕರ್ನಾಟಕ ಸಂಭ್ರಮಿಸಿತು.

ಎನ್ಕಾಸ್ಟಿಕ್‌ನಲ್ಲಿ ಇದರ ಅವಳಿಯಂಥ ಒಂದು ಕ್ರಮವಿದೆ. ಗಟ್ಟಿಯಾದ ಮೇಣದ ಮೇಲೆ ಮೊನೆಯಿಂದ ಗೆರೆ ಕೊರೆದು, ಆ ಗೆರೆಗೆ ಬೇರೆ ಬಣ್ಣದ ಮೇಣ ಅಥವಾ ಎಣ್ಣೆಬಣ್ಣ ತುಂಬಿ, ಮೇಲಿನ ಹೆಚ್ಚುವರಿಯನ್ನು ಹರಿತವಾದ ಅಲಗಿನಿಂದ ಕೆರೆದು ತೆಗೆಯುವುದು. ಗೆರೆ ಮೈಯೊಳಗೆ ಕೂತುಬಿಡುತ್ತದೆ. ನಾನು ನೋಡಿದ ಮಟ್ಟಿಗೆ ಬಹುತೇಕ ಎಲ್ಲರೂ ಇದನ್ನು ಬಿಳಿ ನೆಲದಲ್ಲಿ ಕಪ್ಪು ಗೆರೆಯಾಗಿ ಮಾಡುತ್ತಾರೆ. ಕಾಗದದ ಮೇಲೆ ಶಾಯಿಯ ಅಭ್ಯಾಸ ಅದು. ಬಿದ್ರಿ ಹೇಳುವುದು ಇದರ ತಿರುಗುಮುರುಗು: ಕಪ್ಪೇ ನೆಲ, ಬಿಳುಪು ಅದರಲ್ಲಿ ಹುಟ್ಟುವ ಬೆಳೆ. ಆಫ್ತಾಬಿ ಎಂಬ ಇನ್ನೊಂದು ಬಗೆಯಲ್ಲಿ ಪಾತ್ರೆಗೆ ಬೆಳ್ಳಿ ತಗಡು ಹೊದಿಸಿ ಹೂಬಳ್ಳಿಯ ಆಕಾರವನ್ನು ಕತ್ತರಿಸಿ ತೆಗೆಯುತ್ತಾರೆ. ಆಗ ಬಳ್ಳಿ ಕಪ್ಪು, ಬಯಲು ಬಿಳಿ. ಎರಡನ್ನೂ ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಬಿದ್ರಿ ಸಂಗ್ರಹದ ಮುಂದೆ ನಿಂತು ನೋಡಿದರೆ, ಕಪ್ಪು-ಬಿಳುಪಿನ ವ್ಯಾಕರಣ ಪೂರ್ತಿ ಅಲ್ಲೇ ಸಿಗುತ್ತದೆ.

ಈ ಕಣ್ಣು ಬಿದ್ರಿ ಕುಶಲಕರ್ಮಿಗಳದ್ದು ಮಾತ್ರ ಎಂದುಕೊಳ್ಳಬೇಡಿ. ಬೀದರ್, ಕಲಬುರಗಿ, ಆದಿಲಾಬಾದಿನ ಎರೆಹೊಲದಲ್ಲಿ ಹತ್ತಿ ಒಡೆದಾಗ ನೋಡಿದವರಿಗೆ ಇದು ಗೊತ್ತು. ಕಣ್ಣು ಹಾಯುವಷ್ಟು ದೂರ ಕಪ್ಪು ಮಣ್ಣು, ಅದರ ಮೇಲೆ ಬಿಳಿ ಚುಕ್ಕೆ. ಬೇಸಿಗೆಯಲ್ಲಿ ಅದೇ ಎರೆಮಣ್ಣು ಬಾಯಿ ಬಿಟ್ಟು ಬಿರಿದಾಗ ಕಾಣುವ ಬಿರುಕಿನ ಬಲೆ, ದಪ್ಪ ಮೇಣ ಒಡೆದಾಗ ಕಾಣುವ ಬಲೆಯಂತೆಯೇ ಇರುತ್ತದೆ. ಹಿಮ ಬೀಳುವ ನಾಡಿನವರಿಗೆ ಬಿಳುಪು ನೆಲವಾಗಿ, ಕಪ್ಪು ಅದರ ಮೇಲಿನ ಬೋಳುಮರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ನಮ್ಮ ನೆಲ ಕಪ್ಪು.

ಹೈದರಾಬಾದಿನ ಕಲೆಯಲ್ಲಿ ಮೇಣ, ಕಪ್ಪು-ಬಿಳುಪು, ನಿಸರ್ಗ ಮೂರೂ ಒಂದೆಡೆ ಕೂಡಿದ್ದು ಕೆ. ಲಕ್ಷ್ಮಾ ಗೌಡ್ ಅವರ ಎಚ್ಚಿಂಗ್‌ಗಳಲ್ಲಿ. 1940ರಲ್ಲಿ ಮೇದಕ್ ಜಿಲ್ಲೆಯ ನಿಜಾಂಪುರದಲ್ಲಿ ಹುಟ್ಟಿದವರು. ಹೈದರಾಬಾದಿನಲ್ಲಿ ಓದಿ, ಬರೋಡಾದಲ್ಲಿ ಕೆ.ಜಿ. ಸುಬ್ರಮಣ್ಯನ್ ಅವರ ಬಳಿ ಕಲಿತು, ಮುಂದೆ ಹೈದರಾಬಾದ್ ವಿಶ್ವವಿದ್ಯಾಲಯದ ಸರೋಜಿನಿ ನಾಯ್ಡು ಶಾಲೆಯಲ್ಲಿ ಕಲಿಸಿದವರು. 2016ರಲ್ಲಿ ಪದ್ಮಶ್ರೀ ಪಡೆದರು. ಆಡು, ಕುರುಚಲು ಗಿಡ, ಬಂಡೆ, ಹಳ್ಳಿಯ ಹೆಂಗಸು ಗಂಡಸು ಎಲ್ಲ ಒಂದೇ ಬೇರಿನಿಂದ ಎದ್ದಂತೆ ಹೆಣೆದುಕೊಂಡ ಅವರ 1970ರ ದಶಕದ ಎಚ್ಚಿಂಗ್‌ಗಳು ಬಣ್ಣದ ಹಂಗಿಲ್ಲದೆ ತೆಲಂಗಾಣದ ಒಣ ನೆಲದ ವಾಸನೆಯನ್ನು ಕೊಡುತ್ತವೆ.

ಎಚ್ಚಿಂಗ್ ಮಾಡುವ ಬಗೆ ಗೊತ್ತಿಲ್ಲದವರಿಗೆ ಎರಡು ಮಾತು. ಲೋಹದ ತಗಡಿಗೆ ಜೇನುಮೇಣ, ಡಾಂಬರು, ರಾಳ ಸೇರಿದ ಕಪ್ಪು ಲೇಪ ಹಚ್ಚುತ್ತಾರೆ. ಸೂಜಿಯಿಂದ ಗೀರಿದ ಕಡೆ ಲೇಪ ಸರಿದು ಲೋಹ ಹೊಳೆಯುತ್ತದೆ. ತಗಡನ್ನು ಆಮ್ಲದಲ್ಲಿ ಇಳಿಸಿದಾಗ ಗೀರಿದ ಜಾಗ ಮಾತ್ರ ಕೊರೆದುಹೋಗುತ್ತದೆ, ಮೇಣ ಕಾಯುವ ಜಾಗ ಹಾಗೇ ಉಳಿಯುತ್ತದೆ. ಆಮೇಲೆ ಮೇಣ ಒರೆಸಿ, ಗೆರೆಗೆ ಶಾಯಿ ತುಂಬಿ, ಕಾಗದಕ್ಕೆ ಒತ್ತುತ್ತಾರೆ. ಅಂದರೆ ಕೆಲಸದ ಮೇಜಿನ ಮೇಲೆ ಕಲಾವಿದ ಕಾಣುವುದು ಕಪ್ಪು ಮೇಣದ ಮೇಲೆ ಬೆಳಗುವ ಗೆರೆಯನ್ನು, ನಾವು ಕಾಣುವುದು ಅದರ ಪ್ರತಿಬಿಂಬವನ್ನು. ಮೇಣ ಇಲ್ಲೂ ಎದ್ದುಹೋಯಿತು ನೋಡಿ. ಈ ಊರಿನ ಮೇಣಚಿತ್ರಕಾರರು ತಮ್ಮ ವಂಶವೃಕ್ಷ ಹುಡುಕುವುದಾದರೆ ಅಲ್ಲಿಂದಲೇ ಶುರುಮಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಚ್ಚಿಂಗ್‌ಗೆ ಸಿದ್ಧಮಾಡಿದ ಆ ಕಪ್ಪು ತಗಡೇ, ಒರೆಸದೆ ಉಳಿಸಿಕೊಂಡರೆ, ಒಂದು ಮೇಣಚಿತ್ರ.

ಇನ್ನು ನಿಸರ್ಗದ ವಿಷಯ. ಮೇಣದಲ್ಲಿ ನಿಸರ್ಗ ಎರಡು ದಾರಿಯಿಂದ ಬರುತ್ತದೆ. ಒಂದು, ಕಲಾವಿದ ನೋಡಿ ಬರೆದದ್ದು. ಇನ್ನೊಂದು, ಮೇಣವೇ ಬರೆದದ್ದು. ನುಣುಪಾದ ಕಾಗದದ ಮೇಲೆ ಕಪ್ಪು ಮೇಣ ಹಚ್ಚಿ, ಬಿಸಿ ಇಸ್ತ್ರಿಪೆಟ್ಟಿಗೆಯ ತಳವನ್ನು ಒತ್ತಿ ಮೆಲ್ಲಗೆ ಎತ್ತಿದರೆ ಜರಿಗಿಡದಂಥ, ನದಿಯ ಕವಲಿನಂಥ, ಬೇರಿನ ಬಲೆಯಂಥ ಆಕಾರಗಳು ತಾವಾಗಿ ಮೂಡುತ್ತವೆ. ಮೊದಲ ಸಲ ಮಾಡಿದವರು ಬೆರಗಾಗುತ್ತಾರೆ, ನಾನೂ ಆಗಿದ್ದೆ. ಕಾರಣ ಭೌತವಿಜ್ಞಾನದಲ್ಲಿದೆ. ಎರಡು ಮೈಗಳ ನಡುವೆ ಸಿಕ್ಕ ದಪ್ಪ ದ್ರವದೊಳಕ್ಕೆ ತೆಳುವಾದ ಗಾಳಿ ನುಗ್ಗುವಾಗ ಅದರ ಅಂಚು ನೇರವಾಗಿ ಉಳಿಯದೆ ಬೆರಳು ಬೆರಳಾಗಿ ಒಡೆಯುತ್ತದೆ. ಒಂದು ಬೆರಳು ಸ್ವಲ್ಪ ಮುಂದೆ ಹೋದರೆ ಅದಕ್ಕೆ ದಾರಿ ಇನ್ನೂ ಸುಲಭ, ಅದು ಮತ್ತೆ ಕವಲೊಡೆಯುತ್ತದೆ. ಸ್ಯಾಫ್‌ಮನ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು 1958ರಲ್ಲಿ ಇದನ್ನು ಗಣಿತಕ್ಕೆ ಇಳಿಸಿದರು. ಮೇಣ ಜರಿಗಿಡವನ್ನು ಅನುಕರಿಸುವುದಿಲ್ಲ. ಸುಲಭದ ದಾರಿ ಹುಡುಕಿ ಕವಲೊಡೆಯುವ ವಸ್ತುಗಳೆಲ್ಲ ನೋಡಲು ಒಂದೇ ಮನೆತನದವಾಗಿರುತ್ತವೆ. ಬಣ್ಣದಲ್ಲಿ ಈ ಕವಲುಗಳು ಕಲಸಿಹೋಗುತ್ತವೆ, ಕಪ್ಪು-ಬಿಳುಪಿನಲ್ಲಿ ಕೂದಲೆಳೆಯೂ ಕಾಣುತ್ತದೆ.

ಆದರೆ ಇಲ್ಲೇ ಒಂದು ಗುಂಡಿಯೂ ಇದೆ. ಇಸ್ತ್ರಿಪೆಟ್ಟಿಗೆ ಎತ್ತಿದಾಗ ಬಂದ ಜರಿಗಿಡದ ಕೆಳಗೊಂದು ಬೆಟ್ಟ, ಮೇಲೊಂದು ಚಂದ್ರ ಇಟ್ಟು ‘ನಿಸರ್ಗ’ ಎಂದು ಹೆಸರಿಡುವ ಚಿತ್ರಗಳು ಲೆಕ್ಕವಿಲ್ಲದಷ್ಟು ಬರುತ್ತಿವೆ. ಮೇಣಚಿತ್ರದ ಸಾಮಗ್ರಿಯ ಕಿಟ್ಟಿನ ಜೊತೆ ಬಂದ ಮಾದರಿಯಲ್ಲಿ ಪೈನ್ ಮರ, ಹಿಮದ ಶಿಖರ ಇರುತ್ತವೆ. ಅವೇ ಇಲ್ಲಿಯ ಹಲಗೆಗಳ ಮೇಲೂ ಇಳಿಯುತ್ತವೆ. ಕಿಟಕಿ ತೆರೆದರೆ 250 ಕೋಟಿ ವರ್ಷದ ಬಂಡೆ ಕಾಣುವ ಊರಿನಲ್ಲಿ ಇದು ನನಗೆ ನೋವಿನ ಸಂಗತಿ. ಹೈದರಾಬಾದಿನ ಗ್ರಾನೈಟ್, ನಮ್ಮ ರಾಮನಗರದ ಬಂಡೆಗಳಷ್ಟೇ ಹಳೆಯದು. ಭೂಮಿಯ ಆಳದಲ್ಲಿ ತಣ್ಣಗಾದ ಕಲ್ಲು ಮೇಲೆ ಬಂದು, ಸೀಳುಗಳಲ್ಲಿ ನೀರು ಇಳಿದು, ಮೂಲೆಗಳು ಮೊದಲು ಸವೆದು ಗುಂಡಾಗಿ, ಒಂದರ ಮೇಲೊಂದು ನಿಂತಂತೆ ಕಾಣುತ್ತದೆ. ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದ ಅಣಬೆ ಬಂಡೆ, ದುರ್ಗಂ ಚೆರುವಿನ ದಂಡೆ, ಮೌಲಾಲಿ ಗುಡ್ಡ, ಗೋಲ್ಕೊಂಡದ ಸುತ್ತ, ಎಲ್ಲಿ ಹೋದರೂ ಕಪ್ಪು-ಬಿಳುಪು ನಿಸರ್ಗವೇ ಮಾಡಿಟ್ಟಿದೆ. ಬೆಳ್ಳಗಿನ ಫೆಲ್ಡ್‌ಸ್ಪಾರ್, ಗಾಜಿನಂಥ ಸ್ಫಟಿಕ, ನಡುವೆ ಕಪ್ಪು ಅಭ್ರಕದ ಚೂರು. ಮಳೆನೀರು ಇಳಿದ ಜಾಡಿನಲ್ಲಿ ಪಾಚಿ ಕಟ್ಟಿ ಒಣಗಿದ ಕರಿಪಟ್ಟೆ. ಮನೆ ರಸ್ತೆ ಕಟ್ಟಡಗಳಿಗೆ ಈ ಬಂಡೆಗಳು ಒಡೆದುಹೋಗುತ್ತಿವೆ. ‘ಸೊಸೈಟಿ ಟು ಸೇವ್ ರಾಕ್ಸ್’ 1996ರಿಂದ ಅವುಗಳ ಪರವಾಗಿ ಕೆಲಸ ಮಾಡುತ್ತಿದೆ. ಬಂಡೆ ನೋಡಿ ಚಿತ್ರ ಬರೆಯುವವರು ಹೆಚ್ಚಿದಷ್ಟೂ ಬಂಡೆಗೆ ಒಳ್ಳೆಯದು ಎಂದು ನಂಬಿದವನು ನಾನು. ಉಸ್ಮಾನ್ ಸಾಗರ ಕೆರೆಯ ಮೇಲೆ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಲ್ಲುವ ಕಪ್ಪು-ಬಿಳಿ ಮಿಂಚುಳ್ಳಿಯನ್ನು ಮಾತ್ರ ಇನ್ನೂ ನನಗೆ ಮೇಣದಲ್ಲಿ ನಿಲ್ಲಿಸಲು ಆಗಿಲ್ಲ.

ಸಾಮಗ್ರಿಯ ಬಗ್ಗೆ ಹೇಳದೆ ಈ ಸಮೀಕ್ಷೆ ಮುಗಿಯುವುದಿಲ್ಲ, ಏಕೆಂದರೆ ಕಪ್ಪು ಎಂದರೆ ಒಂದೇ ಕಪ್ಪಲ್ಲ. ದೀಪದ ಮಸಿಯಿಂದ ಬರುವ ಕಪ್ಪಿಗೆ ನೀಲಿಯ ತಂಪು ಇರುತ್ತದೆ. ನಮ್ಮ ಅಜ್ಜಿಯರು ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದುದು ಇದೇ ವಸ್ತು. ಮೂಳೆ ಸುಟ್ಟು ಮಾಡಿದ ಕಪ್ಪಿಗೆ ಕಂದು ಬಿಸುಪು. ಕಬ್ಬಿಣದ ಆಕ್ಸೈಡಿನ ಮಾರ್ಸ್ ಕಪ್ಪು ಅಪಾರಕ, ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ. ಬಂಡೆಯ ನೆರಳಿಗೆ ಮೂಳೆಯ ಕಪ್ಪು, ಇರುಳಿನ ನೀರಿಗೆ ಮಸಿ, ಹೀಗೆ ನಾನು ಬಳಸುತ್ತೇನೆ. ಬಿಳುಪಿನಲ್ಲಿ ಟೈಟಾನಿಯಂ ಗಟ್ಟಿ, ಸತುವಿನದು ತೆಳು. ಸೀಸದ ಬಿಳುಪನ್ನು ಬಿಸಿ ಕೆಲಸದಲ್ಲಿ ಮುಟ್ಟಲೇಬಾರದು. ಒಣ ಪುಡಿ ಕಲಸುವಾಗ ಮೂಗಿಗೆ ಮಾಸ್ಕ್, ಕೋಣೆಗೆ ಗಾಳಿ, ಇವೆರಡರಲ್ಲಿ ರಿಯಾಯಿತಿ ಬೇಡ. ಬಣ್ಣವೇ ಇಲ್ಲದ ಬರೀ ಮೇಣ ಮೂರನೆಯ ಬಿಳುಪು. ಅದು ಮಂಜು. ಹಳದಿ ಮೇಣವನ್ನು ತೆಳು ಪಟ್ಟಿಗಳಾಗಿ ಬಿಸಿಲಿಗೆ ಹರಡಿ ಬೆಳ್ಳಗೆ ಮಾಡುವ ಕ್ರಮ ಪ್ಲಿನಿಯ ಕಾಲದ್ದೇ. ರಾಸಾಯನಿಕದಿಂದ ಬೆಳ್ಳಗಾದ ಮೇಣ ಕಾಲಕ್ರಮದಲ್ಲಿ ಮತ್ತೆ ಹಳದಿಗೆ ತಿರುಗಬಹುದು. ಕಪ್ಪು-ಬಿಳುಪಿನ ಚಿತ್ರದಲ್ಲಿ ಅದನ್ನು ಮರೆಮಾಡಲು ಬೇರೆ ಬಣ್ಣವಿಲ್ಲ.

ಅರಗಿನ ಬಗ್ಗೆಯೂ ಇದೇ ಎಚ್ಚರ. ಮೇಣದ ಮೇಲೆ ಅರಗಿನಿಂದ ಮಾಡಿದ ಶೆಲ್ಯಾಕ್ ಬಳಿದು ಬೆಂಕಿ ತಾಗಿಸಿದರೆ ಜೇಡರ ಬಲೆಯಂಥ, ಕಲ್ಲುಹೂವಿನಂಥ ಚೆಲುವಾದ ಚಿತ್ತಾರ ಬರುತ್ತದೆ, ಅದಕ್ಕೆ ಮನಸೋಲದವರಿಲ್ಲ. ಆದರೆ ಶೆಲ್ಯಾಕ್ ವಯಸ್ಸಾದಂತೆ ಕಂದಾಗುತ್ತದೆ. ಇದರ ಪಾಠ ನಿಜಾಮರ ಸೀಮೆಯಲ್ಲೇ ನಡೆದಿದೆ. ಅಜಂತಾ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಗುಲಾಂ ಯಜ್ದಾನಿ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದಾಗ, 1920ರಿಂದ 22ರವರೆಗೆ, ಇಟಲಿಯಿಂದ ಬಂದ ಚೆಕೋನಿ ಮತ್ತು ಓರ್ಸಿನಿ ಗುಹಾಚಿತ್ರಗಳನ್ನು ಉಳಿಸಲೆಂದು ಶೆಲ್ಯಾಕ್ ಹಚ್ಚಿದರು. ಬಣ್ಣ ಉದುರುವುದು ನಿಂತಿತು, ಆದರೆ ಲೇಪ ಹಳದಿಗಟ್ಟಿ ಚಿತ್ರಗಳು ಮಂಕಾದವು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸಕ್ಕೂ ವಸ್ತುವಿನ ಗುಣ ವಿನಾಯಿತಿ ಕೊಡಲಿಲ್ಲ.

ಕಪ್ಪು ನೆಲದ ಮೇಣಚಿತ್ರಕ್ಕೆ ಇನ್ನೊಂದು ಕಾಟವಿದೆ. ತಣ್ಣನೆಯ ಹವೆಯಲ್ಲಿ ಹೊಸ ಮೇಣದ ಮೇಲೆ ಬಿಳಿ ಬೂಷ್ಟಿನಂಥ ಪರೆ ಏಳುತ್ತದೆ. ಬಿಳಿ ಚಿತ್ರದಲ್ಲಿ ಕಾಣದು, ಕಪ್ಪಿನಲ್ಲಿ ಎದ್ದು ಕಾಣುತ್ತದೆ. ಹೈದರಾಬಾದಿನ ಡಿಸೆಂಬರ್ ಮುಂಜಾನೆಗಳಲ್ಲಿ ನನ್ನ ಹಲಗೆಗಳಿಗೂ ಆಗಿದೆ. ಮೃದುವಾದ ಹತ್ತಿಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ. ನಾಲ್ಕಾರು ತಿಂಗಳು ಹೀಗೆ ಉಜ್ಜಿದ ಮೇಲೆ ಬರುವುದೇ ಕಡಿಮೆಯಾಗುತ್ತದೆ. ಕೊಳ್ಳುವವರಿಗೆ ಇದನ್ನು ಮೊದಲೇ ಹೇಳಿಕೊಡಬೇಕು. ಜೊತೆಗೆ ನೇರ ಬಿಸಿಲು ಬೀಳುವ ಗೋಡೆ ಬೇಡ, ಪ್ರಯಾಣ ರಾತ್ರಿಯಲ್ಲಿ.

ಮೇಣ ಎಲ್ಲಿಂದ ತರುವುದು? ಅಂಗಡಿಯ ಮೇಣದಲ್ಲಿ ಪ್ಯಾರಾಫಿನ್ ಬೆರಕೆ ಸಾಮಾನ್ಯ. ಒಳ್ಳೆಯ ಜೇನುಮೇಣ ಮುರಿದರೆ ಮುರಿದ ಬಾಯಿ ತರಿತರಿಯಾಗಿ, ಹೊಳಪಿಲ್ಲದೆ ಇರುತ್ತದೆ. ನಲ್ಲಮಲ ಕಾಡಿನ ಚೆಂಚು ಬುಡಕಟ್ಟಿನವರು ಬಂಡೆಯಂಚಿಗೆ ಬಳ್ಳಿಹಗ್ಗ ಕಟ್ಟಿ ಇಳಿದು ಹೆಜ್ಜೇನು ತೆಗೆಯುತ್ತಾರೆ, ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮರ ಹತ್ತಿ ತೆಗೆಯುತ್ತಾರೆ. ಜೇನಿಗೆ ಬೆಲೆ ಇದೆ, ಹಿಂಡಿ ಉಳಿದ ಎರಿಗೆ ಅಷ್ಟಿಲ್ಲ. ಕೊಡಗಿನ ವಿರಾಜಪೇಟೆಯಲ್ಲಿ 1936ರಲ್ಲೇ ಹುಟ್ಟಿದ ಸಹಕಾರ ಸಂಘ ತನ್ನ ಹೆಸರಿನಲ್ಲಿ ಜೇನಿನ ಜೊತೆ ಮೇಣವನ್ನೂ ಇಟ್ಟುಕೊಂಡಿತ್ತು. ಹಿಂದಿನವರಿಗೆ ಎರಡೂ ಬೆಳೆಯೇ. ಡಮಾರ್ ಈಗ ಹೆಚ್ಚಾಗಿ ಇಂಡೊನೇಷ್ಯಾ ಕಡೆಯಿಂದ ಬರುತ್ತದೆ. ನಮ್ಮ ಪಶ್ಚಿಮಘಟ್ಟದಲ್ಲಿ ಬಿಳಿ ಡಮಾರ್ ಕೊಡುವ ಧೂಪದ ಮರವೂ ಕಪ್ಪು ಡಮಾರ್ ಕೊಡುವ ಕರಿಧೂಪವೂ ಇವೆ. ಬಿಳಿಯದೊಂದು, ಕರಿಯದೊಂದು. ಮರಕ್ಕೆ ಗಾಯ ಹೆಚ್ಚಾಗದಂತೆ ತೆಗೆದ ರಾಳವನ್ನು ಮೇಣದೊಂದಿಗೆ ಹದ ನೋಡುವ ಪ್ರಯೋಗ ನಮ್ಮ ಕಲಾಶಾಲೆಗಳು ಕೈಗೆತ್ತಿಕೊಳ್ಳಬೇಕಾದದ್ದು.

ಇಷ್ಟು ನೋಡಿದ ಮೇಲೆ ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಹೈದರಾಬಾದಿನ ಶಾಖ ಈ ಕಲೆಗೆ ಅಡ್ಡಿಯಲ್ಲ, ಎಚ್ಚರ ಬೇಕು ಅಷ್ಟೆ. ಅಡ್ಡಿ ಇರುವುದು ಕಣ್ಣಿನ ಅಭ್ಯಾಸದಲ್ಲಿ. ಬಿಳಿ ಹಲಗೆಯಿಂದಲೇ ಶುರುಮಾಡುತ್ತಿರುವ ತನಕ ಈ ಕೆಲಸ ಎಲ್ಲಿಯದೋ ನಕಲಾಗಿಯೇ ಉಳಿಯುತ್ತದೆ.

ಮೇಣದಲ್ಲಿ ಕೆಲಸ ಮಾಡುವವರಲ್ಲಿ, ಮಕ್ಕಳಿಗೆ ಕಲಿಸುವವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಕಿಟ್ ತರಿಸುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಬೀದರಿಗೆ ಹೋಗಿ ಬನ್ನಿ. ಇಲ್ಲಿಂದ ಸುಮಾರು 140 ಕಿಲೋಮೀಟರ್. ಚೌಬಾರದ ಸುತ್ತಮುತ್ತ ಬಿದ್ರಿ ಕೆಲಸದವರಿದ್ದಾರೆ. ಪಾತ್ರೆಗೆ ಕೋಟೆಮಣ್ಣು ಉಜ್ಜುವ ಹೊತ್ತು ಯಾವುದೆಂದು ಕೇಳಿ, ಆ ಹೊತ್ತಿಗೆ ಅಲ್ಲಿ ನಿಂತಿರಿ. ಮರಳಿ ಬಂದ ಮೇಲೆ ಹಲಗೆಗೆ ಮೊದಲು ಕಪ್ಪು ಬಳಿಯಿರಿ.